ಕದಮ್‌ಶೋ ಕೊರಕಲು ದಾಟಿದ ದಿನ

ರೊಟ್ಟಿಯ ಗಂಟನ್ನು ಎದೆಗವಚಿಕೊಂಡು, ಮೊಣಕಾಲುದ್ದದ ಹಿಮದಿಂದ ಒಂದೊಂದೇ ಕಾಲು ಕಿತ್ತಿಡುತ್ತ ಸವ್ಸನ್ ಎದುರು ಮನೆಯ ಅಂಗಳದವರೆಗೆ ಬಂದಳು. ಅಲ್ಲಿ ಅವಳ ಕಾಲು ನಿಂತುಬಿಟ್ಟಿತು. ಆ ಬಾಗಿಲನ್ನು ಅವಳು ನಲವತ್ತಾರು ವರ್ಷ ತನ್ನ ಕಿಟಕಿಯಿಂದ ನೋಡಿದ್ದಳು. ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ.

"ಯಾರದು? ಬಾಗಿಲಲ್ಲಿ ನಿಂತು ಚಳೀನ ಒಳಗೆ ಬಿಡ್ಬೇಡ, ಬಾ," ಎಂದು ಒಳಗಿನಿಂದ ಯಾರೋ ಹೆಂಗಸು ಕೂಗಿದಳು. ಬಂದವಳು ಸವ್ಸನ್ ಎಂದು ಕಂಡ ಮೇಲೆ ಗೋಡೆಗೊರಗಿ ಕೂತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು.

ಮನೆ ಎಂದರೆ ಒಂದೇ ಕೋಣೆ. ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವ ಹಾಗಿಲ್ಲವಾದ್ದರಿಂದ ಬಾಯಿ ತೆರೆದರೆ ಉಸಿರು ಕಾಣುತ್ತಿತ್ತು. ನಡುವೆ ಕದಮ್‌ಶೋ ಬಿಳಿ ಬಟ್ಟೆಯೊಳಗೆ ಮಲಗಿದ್ದ. ಮಲಗಿದ ಮೇಲೆ ಎಷ್ಟು ಚಿಕ್ಕವನಾಗಿಬಿಟ್ಟಿದ್ದಾನೆ ಎಂದುಕೊಂಡಳು ಸವ್ಸನ್. ತಲೆಯ ಹತ್ತಿರ ಅವನ ತಂಗಿಯ ಮಗಳು ಅನೋರ ಕೂತಿದ್ದಳು. ಖೊರೋಗ್ ಪಟ್ಟಣದಲ್ಲಿ ಶಾಲೆ ಟೀಚರ್. ಅವಳು ಬರಲೆಂದೇ ಎರಡು ದಿನ ಕಾದಿದ್ದರು. ಮಣ್ಣು ಮಾಡುವಾಗ ಅವನವರು ಎನ್ನಲು ಬೇರೆ ಯಾರೂ ಇರಲಿಲ್ಲ.

"ನೀವು ಎದುರು ಮನೆ ಸವ್ಸನ್ ಅತ್ತೆ ಅಲ್ವಾ?" ಎಂದು ಅನೋರ ಎದ್ದು ಗಂಟನ್ನು ಇಸಿದುಕೊಂಡಳು. "ಚಹಾ ಕೊಡೋಣ ಅಂದ್ರೆ ಮಾವನ ಮನೇಲಿ ಒಂದೇ ಬಟ್ಟಲು. ಒಂದೇ ಚಮಚ. ಬಟ್ಟಲೆಲ್ಲ ಅವರಿವರ ಮನೆಯಿಂದ ಬಂತು."

"ಅವನ ಮನೆಗೆ ಬರೋರು ಯಾರಿದ್ರು, ಎರಡನೇ ಬಟ್ಟಲು ಇಡೋಕೆ?" ಎಂದಳು ಮೂಲೆಯಲ್ಲಿದ್ದ ಮುದುಕಿ. ಅವಳ ಇಬ್ಬರು ಅಕ್ಕಂದಿರನ್ನು ಹಿಂದೆ ಗುಡ್ಡದಿಂದ ಜಾರಿದ ಹಿಮ ಕೊಂಡೊಯ್ದಿತ್ತು. "ಆಡ್ಬೇಕಾದಾಗ ಮಾತು ಆಡ್ಲಿಲ್ಲ. ಆಮೇಲೆ ಆಡಿ ಏನು ಬಂತು ಅಂತ ಸುಮ್ನಿದ್ದ."

"ಸತ್ತವರ ಮುಂದೆ ಬೇಡಮ್ಮ," ಎಂದು ಇನ್ನೊಬ್ಬಳು ಅವಳ ತೊಡೆ ಮುಟ್ಟಿದಳು.

"ಬದುಕಿದ್ದಾಗ ಅವನ ಮುಂದೇನೇ ಹೇಳಿದೀನಿ. ಈಗೇನು ಕದ್ದು ಹೇಳೋದು?"

ಅನೋರ ಪಕ್ಕದ ಮನೆಯವರು ಕಾಯಿಸಿ ಕಳಿಸಿದ ಉಪ್ಪು ಹಾಕಿದ ಹಾಲಿನ ಚಹಾ ತಂದು ಸವ್ಸನ್ ಕೈಗಿಟ್ಟು ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿದಳು. "ಅಮ್ಮಾನೂ ಹಾಗೇ ಅಂತಿದ್ಲು. ನನ್ನಣ್ಣ ಹೇಡಿ, ಜನ ನಗ್ತಾರೆ ಅಂತ ಹೆದರಿ ಸುಮ್ನಿದ್ದ, ಹೆಂಡ್ತಿ ಮಗನ್ನೂ ಕಳ್ಕೊಂಡ ಅಂತ. ನಿಮಗೇನಾದ್ರೂ ಗೊತ್ತಾ ಅತ್ತೆ? ಯಾಕೆ ಹೇಳ್ಲಿಲ್ಲ ಅವರು?"

ಸವ್ಸನ್ ಚಹಾ ಬಾಯಿಗಿಟ್ಟಳು. ಬಿಸಿಯಾಗಿತ್ತು, ನಾಲಗೆ ಸುಟ್ಟಿತು. ನುಂಗಿದಳು.

*

ಅವರ ರಜೋವ್ ಹಳ್ಳಿ ಮೊದಲು ಗುಡ್ಡದಿಂದ ಇಳಿಯುವ ಕೊರಕಲಿನ ಆಚೆ ಇತ್ತು. ಸವ್ಸನ್‌ಳ ಅಜ್ಜನ ಕಾಲದಲ್ಲಿ ಗುಡ್ಡದ ಹಿಮ ಜಾರಿ ಬಂದು ಅರ್ಧ ಹಳ್ಳಿಯನ್ನು ನದಿಗೆ ನೂಕಿತು. ಉಳಿದವರು ಈಚೆ ಬಂದು ಮನೆ ಕಟ್ಟಿದರು, ಸತ್ತವರನ್ನು ಆಚೆಯೇ ಬಿಟ್ಟರು. ಅಂದಿನಿಂದ ಸ್ಮಶಾನಕ್ಕೆ ಹೋಗಬೇಕಾದರೆ ಕೊರಕಲು ದಾಟಿಯೇ ಹೋಗಬೇಕು.

ಕದಮ್‌ಶೋಗೆ ಇಪ್ಪತ್ತೇಳು ವರ್ಷವಿದ್ದಾಗ ಸರ್ಕಾರದವರು ಅವನಿಗೆ ಹಿಮ ಅಳೆಯುವ ಕೆಲಸ ಕೊಟ್ಟರು. ಗುಡ್ಡದ ಮೇಲೆ ಮೂರು ಕಡೆ ಗೆರೆ ಹಾಕಿದ ಕಂಬ ನೆಟ್ಟರು. ದಿನಾ ಬೆಳಿಗ್ಗೆ ಹತ್ತಿ ಹೋಗಿ ಎಷ್ಟು ಗೆರೆ ಮುಚ್ಚಿದೆ ನೋಡಿ ರೇಡಿಯೋದಲ್ಲಿ ಹೇಳಬೇಕು. ಅಪಾಯ ಕಂಡರೆ ಊರನ್ನು ಎಬ್ಬಿಸಿ ಹೊಳೆಯಾಚೆ ಶಾಲೆಗೆ ಕಳಿಸಬೇಕು. ಊರಿನಲ್ಲಿ ಸಂಬಳ ಬರುತ್ತಿದ್ದ ನಾಲ್ಕು ಜನರಲ್ಲಿ ಅವನೂ ಒಬ್ಬನಾದ. ತೊಟ್ಟ ಹೊಸ ಬೂಟು ಕೀಚು ಕೀಚು ಎನ್ನುತ್ತಿತ್ತು. ಅವನ ಹೆಂಡತಿ ಗುಲ್ದಸ್ತ ಅದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಮೊದಲನೆಯ ಚಳಿಗಾಲವೇ ಅವನು ಊರನ್ನೆಬ್ಬಿಸಿದ. ಮೂರೂ ಕಂಬ ಮುಚ್ಚಿದ್ದವು. ಜನ ಹಾಸಿಗೆ, ಕುರಿ, ಮುದುಕರನ್ನೆಲ್ಲ ಎಳೆದುಕೊಂಡು ಶಾಲೆಗೆ ಹೋದರು. ಎರಡು ಕೋಣೆ, ಒಂದು ಒಲೆ, ನೂರ ಹತ್ತು ಜನ. ಮೊದಲ ದಿನ ಹಬ್ಬದ ಹಾಗಿತ್ತು. ಮೂರನೆಯ ದಿನಕ್ಕೆ ಜಗಳ ಶುರುವಾಯಿತು. ಸವ್ಸನ್‌ಳ ಐದು ತಿಂಗಳ ಮಗಳು ನಾಲ್ಕನೆಯ ದಿನ ಕೆಮ್ಮಿದಳು. ಎಲ್ಲರ ಶಾಲು ತಂದು ಹೊದಿಸಿದರು. ಆ ಸಿಮೆಂಟು ನೆಲದ ಥಂಡಿ ಶಾಲು ದಾಟಿ ಬರುತ್ತಿತ್ತು. ಏಳನೆಯ ದಿನ ಮಗು ಎದೆಗೆ ಬಾಯಿ ಹಾಕಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಹೋಯಿತು.

ಒಂಬತ್ತು ದಿನವಾದರೂ ಗುಡ್ಡದಿಂದ ಒಂದು ಹಿಡಿ ಹಿಮವೂ ಬೀಳಲಿಲ್ಲ. ಜನ ಮನೆಗೆ ವಾಪಸು ಬಂದರು. ದಾರಿಯಲ್ಲಿ ಕದಮ್‌ಶೋ ಎದುರಿಗೆ ಸಿಕ್ಕಾಗ ಸವ್ಸನ್ ಎಲ್ಲರ ಮುಂದೆ ಅವನ ಬೂಟಿನ ಮೇಲೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ. ಅದು ಅಲ್ಲೇ ಹೆಪ್ಪುಗಟ್ಟಿತು.

*

ಅಂಗಳದಲ್ಲಿ ಗಂಡಸರು ಸಾಲಾಗಿ ನಿಂತು ಪ್ರಾರ್ಥನೆ ಮುಗಿಸಿದರು. ಖಲೀಫ ನಜರ್ ಕೊನೆಯ ಮಾತುಗಳನ್ನು ಹೇಳಿ ಮುಖದ ಮೇಲೆ ಅಂಗೈ ಸವರಿಕೊಂಡರು. ಇಪ್ಪತ್ತು ವರ್ಷದಿಂದ ಊರಿನ ಸಾವು, ಮದುವೆ ಎಲ್ಲ ನಡೆಸಿಕೊಟ್ಟವರು ಅವರೇ. ಎಂಟು ಜನ ಜನಾಜದ ಮಂಚಕ್ಕೆ ಹೆಗಲು ಕೊಟ್ಟರು. ಮುಂದಿನ ಬಲಗಡೆ ಇದ್ದವನು ಶಂಬೆ, ಅನೋರಳನ್ನು ಪಟ್ಟಣದಿಂದ ಜೀಪಿನಲ್ಲಿ ಕರೆತಂದವನು. ಗಟ್ಟಿ ಆಳು, ಗಟ್ಟಿ ಗಂಟಲು.

ಸವ್ಸನ್ ಅವರಿಗಿಂತ ಮುಂಚೆ ಹೊರಗೆ ಬಂದಿದ್ದಳು. ಮೂರು ದಿನ ಸುರಿದು ನಿನ್ನೆ ಸಂಜೆ ಹಿಮ ನಿಂತಿತ್ತು. ಇವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಬಿಸಿಲು ನೇರವಾಗಿ ಗುಡ್ಡದ ಎದೆಗೆ ಬಿದ್ದಿತ್ತು, ಸೂರಿನಿಂದ ಹನಿ ಇಳಿಯತೊಡಗಿತ್ತು. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಕೊರಕಲಿನ ನೆತ್ತಿಯಲ್ಲಿರುವ ಕರಿಬಂಡೆ ಒದ್ದೆಯಾಗಿ ಹೊಳೆಯುತ್ತಿತ್ತು. ದಿಣ್ಣೆಯ ಅಂಚಿನಿಂದ ಗಾಳಿ ಹಿಮದ ಪುಡಿಯನ್ನು ಹೊಗೆಯಂತೆ ಈಚೆಗೆ ಎಬ್ಬಿಸುತ್ತಿತ್ತು.

ಅವಳು ಹೋಗಿ ದಾರಿಯ ನಡುವೆ ನಿಂತಳು.

"ಈಗ ಬೇಡ."

"ಏನು ಬೇಡ?" ಎಂದ ಶಂಬೆ, ಮಂಚ ಹೆಗಲ ಮೇಲೇ ಇತ್ತು.

"ಕೊರಕಲು ದಾಟ್ಬೇಡಿ. ಗುಡ್ಡದ ಮೇಲಿಂದ ಬಿಸಿಲು ಹೋಗ್ಲಿ, ಆಮೇಲೆ ಹೋಗಿ."

"ಅಜ್ಜಿ, ಬೆಳಿಗ್ಗೆ ಗುಂಡಿ ತೋಡೋಕೆ ಆರು ಜನ ಇದೇ ದಾರೀಲಿ ದಾಟಿದ್ದಾರೆ. ಅವರನ್ನೇನು ಗುಡ್ಡ ನುಂಗ್ತಾ?"

"ಆಗ ಹೆಪ್ಪುಗಟ್ಟಿತ್ತು. ಈಗ ಕರಿಬಂಡೆ ಬೆವರ್ತಾ ಇದೆ, ನೋಡು."

"ಬಂಡೆ ಬೆವರುತ್ತಂತೆ!" ಶಂಬೆ ಹಿಂದಿನವರ ಕಡೆ ತಿರುಗಿ ನಕ್ಕ. "ಎಂಟು ಜನರ ಹೆಗಲು ಬೆವರ್ತಿದೆ, ಅದನ್ಯಾರು ಕೇಳೋರು? ಸರೀರಿ ಆಚೆ. ಸಂಜೆಯೊಳಗೆ ನಾನು ಜೀಪು ಇಳಿಸದೆ ಹೋದ್ರೆ ಇನ್ನೊಂದು ವಾರ ಇಲ್ಲೇ."

ಖಲೀಫರು ಹತ್ತಿರ ಬಂದರು. "ಸವ್ಸನ್, ಮೂರನೇ ದಿನ ಆಯ್ತಮ್ಮ. ಇನ್ನೂ ಇಟ್ಕೊಳ್ಳೋದು ಸರಿಯಲ್ಲ."

"ಅವನು ಕಾಯ್ತಾನೆ ಖಲೀಫರೇ, ಅವನಿಗೆ ಅಭ್ಯಾಸ ಇದೆ. ಮಂಚ ಹೊತ್ಕೊಂಡು ನಡುಮಧ್ಯ ಇರೋರು ನೀವು. ಓಡೋಕೂ ಆಗಲ್ಲ, ಇಳಿಸೋಕೂ ಆಗಲ್ಲ."

"ನಿನಗೇನು ಗೊತ್ತು ಹಿಮದ ವಿಷಯ?" ಶಂಬೆಯ ನಗು ಹೋಗಿತ್ತು. "ಹಿಮ ಓದೋಕೆ ಅಂತ ಸಂಬಳ ತಗೊಂಡೋನೇ ತಪ್ಪು ಓದ್ದ. ಬರುತ್ತೆ ಅಂದಾಗ ಬರ್ಲಿಲ್ಲ. ಬಾಯಿ ಮುಚ್ಕೊಂಡಾಗ ಬಂತು. ನಮ್ಮಪ್ಪ ಹೋದ, ಅವನ ಮುಖಾನೂ ನಂಗೆ ಗೊತ್ತಿಲ್ಲ. ಅಂಥೋನಿಗೆ ಇವತ್ತು ಹೆಗಲು ಕೊಟ್ಟಿದೀನಲ್ಲ, ಅದೇ ಹೆಚ್ಚು. ಅವನ ಜೊತೆ ಒಂದು ಮಾತೂ ಆಡದೋಳು ನೀನು, ಈಗ ಅವನ ಪರವಾಗಿ ದಾರಿ ಕಟ್ತೀಯಾ?"

"ಅವನು ತಪ್ಪು ಓದ್ಲಿಲ್ಲ," ಎಂದಳು ಸವ್ಸನ್.

ಮತ್ತೊಮ್ಮೆ ಹೇಳಿದಳು. "ತಪ್ಪು ಓದ್ಲಿಲ್ಲ ಶಂಬೆ. ಹಿಂದಿನ ದಿನ ಅವನು ನನ್ನ ಹತ್ರ ಬಂದಿದ್ದ."

*

ಮಗು ಹೋದ ಮರುವರ್ಷ, ಫೆಬ್ರವರಿ ತಿಂಗಳು. ಸವ್ಸನ್ ಕಾಲುವೆಯ ಹತ್ತಿರ ಕೂತು ಕೊಡಲಿಯ ಹಿಂಬದಿಯಿಂದ ಮಂಜುಗಡ್ಡೆ ಒಡೆಯುತ್ತಿದ್ದಳು. ಮಧ್ಯಾಹ್ನ. ಕದಮ್‌ಶೋ ಗುಡ್ಡ ಇಳಿದು ನೇರವಾಗಿ ಅವಳ ಹತ್ತಿರ ಬಂದ. ಮೀಸೆಯಲ್ಲಿ ಹಿಮ ಕಟ್ಟಿತ್ತು.

"ಕಂಬ ಮುಚ್ಚಿದೆ," ಎಂದ.

ಅವಳು ಕೊಡಲಿ ನಿಲ್ಲಿಸಲಿಲ್ಲ.

"ಕಾಲಿಟ್ಟ ಕಡೆ ಒಳಗೆ ಡಬ್ ಅನ್ನುತ್ತೆ, ಟೊಳ್ಳು ಇರೋ ಹಾಗೆ. ಹೋದ ವರ್ಷ ಹೀಗಿರ್ಲಿಲ್ಲ. ಆದ್ರೆ ಹೋದ ವರ್ಷಾನೂ ನಂಗೆ ಗ್ಯಾರಂಟಿ ಅನ್ನಿಸಿತ್ತು. ಈಗ ನನ್ನ ಮೇಲೇ ನಂಗೆ ನಂಬಿಕೆ ಇಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಊರೋರನ್ನ ಮತ್ತೆ ಆ ಶಾಲೆಗೆ ಕಳಿಸ್ಬೇಕಾದ್ರೆ ನಿನ್ನನ್ನ ಕೇಳ್ದೆ ಕಳಿಸ್ಬಾರ್ದು ಅನ್ನಿಸ್ತು. ಹೇಳು ತಂಗಿ. ಎಬ್ಬಿಸ್ಲಾ, ಬೇಡ್ವಾ?"

ಅವನ ಮುಖ ನೋಡಿದ್ದರೆ ಅವಳು ಬೇರೆ ಏನಾದರೂ ಹೇಳುತ್ತಿದ್ದಳೇನೋ. ಅವಳು ನೋಡಿದ್ದು ಬೂಟನ್ನು.

"ಇನ್ನೊಂದ್ಸಲ ಊರನ್ನೆಬ್ಬಿಸಿದ್ರೆ ನಾನೇ ಮನೆ ಮನೆಗೂ ಹೋಗಿ ಯಾರೂ ಹೊರಡ್ಬೇಡಿ ಅಂತೀನಿ. ಮೊದ್ಲು ನಿನ್ನ ಮಗನ್ನ ತಗೊಂಡು ಹೋಗಿ ಆ ಸಿಮೆಂಟಿನ ಮೇಲೆ ಒಂಬತ್ತು ದಿನ ಮಲಗಿಸು. ಬದುಕಿದ್ರೆ ಆಮೇಲೆ ಬಂದು ಹೇಳು."

ಕದಮ್‌ಶೋ ಗುಡ್ಡದ ಕಡೆ ತಿರುಗಿ ನೋಡಿದ. ಟೋಪಿ ಹಾಕಿಕೊಂಡು ಹೋದ.

ಮರುದಿನ ಬೆಳಗಾಗುತ್ತಿದ್ದಂತೆ ಅವನು ಕಂಬ ನೋಡಲು ಮತ್ತೆ ಹತ್ತಿದ. ಮೇಲಿನ ಕಂಬದ ಹತ್ತಿರ ಇದ್ದಾಗ ಅವನ ಕಾಲ ಕೆಳಗಿನಿಂದಲೇ ಗುಡ್ಡದ ಹಿಮ ಕಳಚಿಕೊಂಡಿತು. ಕೊರಕಲು ತುಂಬಿ, ಕೊರಕಲು ಸಾಲದೆ, ಈಚೆಯ ಕೆಳಸಾಲಿನ ಮನೆಗಳ ಮೇಲೆ ಹಿಮ ಹರಿಯಿತು. ಅವನು ಮೇಲೆ ನಿಂತು ನೋಡಿದ. ತನ್ನ ಮನೆಯ ಸೂರು ಹೋದದ್ದನ್ನೂ ನೋಡಿದ. ಹನ್ನೊಂದು ಜನ. ಗುಲ್ದಸ್ತಳನ್ನು ಮೂರನೆಯ ದಿನ ತೆಗೆದರು, ಮಗನನ್ನು ಹಿಮ ಕರಗಿದ ಮೇಲೆ, ಏಪ್ರಿಲ್ ತಿಂಗಳಲ್ಲಿ.

ಹೆಲಿಕಾಪ್ಟರ್‌ನಲ್ಲಿ ಅಧಿಕಾರಿಗಳು ಬಂದರು. ಸವ್ಸನ್‌ಳ ಮಾವನ ಮನೆಯಲ್ಲೇ ವಿಚಾರಣೆ ನಡೆಯಿತು, ಚಹಾ ಬಗ್ಗಿಸುತ್ತಿದ್ದವಳು ಅವಳೇ. ಯಾಕೆ ಎಚ್ಚರಿಸಲಿಲ್ಲ ಎಂದು ಕೇಳಿದರು.

"ನನ್ನ ಅಂದಾಜು ತಪ್ಪಿತು," ಎಂದ ಕದಮ್‌ಶೋ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

*

ಅವಳು ಹೇಳಿ ಮುಗಿಸಿದಳು. ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಅನೋರ ಬಾಯಿಗೆ ಶಾಲಿನ ಸೆರಗು ಒತ್ತಿಕೊಂಡಿದ್ದಳು.

ಶಂಬೆ ಅವಳನ್ನೇ ನೋಡುತ್ತಿದ್ದ. ಕೊನೆಗೆ, "ಇಳಿಸಿ," ಎಂದ. ಯಾರಿಗೂ ಕೇಳಲಿಲ್ಲ. "ಇಳಿಸಿ ಅಂದೆ!" ಎಂದು ಗದರಿದ. ಎಂಟು ಜನರೂ ಮಂಚವನ್ನು ಹಿಮದ ಮೇಲಿಟ್ಟರು. ಅವನು ಹೋಗಿ ಜೀಪಿನೊಳಗೆ ಕೂತು ಬಾಗಿಲು ಹಾಕಿಕೊಂಡ.

ಕಾಯತೊಡಗಿದರು. ಖಲೀಫರ ಜೊತೆ ಬಂದಿದ್ದ ಮುದುಕನೊಬ್ಬ ರುಬಾಬಿನ ತಂತಿ ಮೀಟಿ ಸಾವಿನ ಹಾಡು ಶುರುಮಾಡಿದ. ಬೆರಳು ಮರಗಟ್ಟಿದಾಗ ನಿಲ್ಲಿಸಿ ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡ. ಹನ್ನೆರಡಾಯಿತು. ಕೊರಕಲಿನ ಆಚೆ ಗುಂಡಿ ತೋಡಿ ಮುಗಿಸಿದವರು ಕೈಯೆತ್ತಿ ಕೂಗುತ್ತಿದ್ದರು. ಈಚೆಯವರು ನಿಲ್ಲಿ ಎಂದು ಕೈ ಬೀಸಿದರು. ಒಂದಾಯಿತು. ಗುಡ್ಡ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತ ಸುಮ್ಮನಿತ್ತು.

ಸವ್ಸನ್ ಮಂಚದ ಪಕ್ಕ ಒಂದು ಕಟ್ಟಿಗೆ ತುಂಡಿನ ಮೇಲೆ ಕೂತಿದ್ದಳು. ಯಾರೂ ಹತ್ತಿರ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅನೋರ ಬಂದು ಮೊಣಕಾಲೂರಿದಳು.

"ಅದಾದ್ಮೇಲೆ ಯಾವತ್ತಾದ್ರೂ ಮಾತಾಡಿದ್ರಾ?"

"ಇಲ್ಲ."

"ಒಂದ್ಸಲಾನೂ?"

"ಏನಂತ ಮಾತಾಡೋದು ಮಗಳೇ?" ಸವ್ಸನ್ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು. "ಕೆಲಸ ಹೋಯ್ತು, ನಮ್ಮೆದುರಿಗೆ ಈ ಕೋಣೆ ಕಟ್ಕೊಂಡ. ಆಮೇಲೂ ಅವನು ದಿನಾ ಗುಡ್ಡ ನೋಡ್ತಿದ್ದ. ಯಾರಾದ್ರೂ ಕೇಳಿದ್ರೆ ನಂಗೇನು ಗೊತ್ತು ಅಂತಿದ್ದ. ಆದ್ರೆ ಅವನು ಕೊರಕಲು ದಾಟಿದ ದಿನ ಎಲ್ಲಾರೂ ದಾಟೋರು, ಅವನು ಅಂಚಲ್ಲೇ ನಿಂತು ವಾಪಸು ಬಂದ ದಿನ ಯಾರೂ ಹೋಗ್ತಿರ್ಲಿಲ್ಲ. ಬೈಯೋರು ಬೈತಾನೇ ಅವನ ಕಾಲು ನೋಡ್ಕೊಂಡು ಬದುಕಿದ್ರು. ಅವನು ಯಾವ್ದನ್ನ ನೋಡ್ತಾನೋ ನಾನೂ ಅದನ್ನ ನೋಡ್ದೆ, ಕಿಟಕಿಯಿಂದ. ಬೇರೆ ಏನು ಕೆಲಸ ಇತ್ತು ನಂಗೆ? ಗಂಡ ಹೋದ. ಮತ್ತೆ ಮಕ್ಕಳಾಗ್ಲಿಲ್ಲ."

ಮತ್ತೆ ಅಂದಳು: "ಒಂದ್ಸಲ ಮಗಳ ಗೋರಿಗೆ ಅಂತ ಹೊರಟಿದ್ದೆ. ಅವನು ಮುಂದೆ ಇದ್ದ. ದಾಟಿದೋನು ಹೋಗ್ಲಿಲ್ಲ, ಆಚೆ ದಡದಲ್ಲಿ ನಿಂತ. ನನ್ನ ಕಾಲು ದಡಕ್ಕೆ ಬೀಳೋ ತನಕ ನಿಂತಿದ್ದು, ಆಮೇಲೆ ತಿರುಗಿ ಹೋದ. ಅಷ್ಟೇ."

ಎರಡು ಗಂಟೆಯ ಹೊತ್ತಿಗೆ ಗುಸುಗುಸು ಶುರುವಾಯಿತು. ಏನೂ ಬರಲಿಲ್ಲವಲ್ಲ ಎಂದು ಒಬ್ಬ. ಮುದುಕಿ ತನ್ನ ಪಾಪ ತೊಳ್ಕೊಳ್ಳೋಕೆ ನಮ್ಮನ್ನೆಲ್ಲ ಚಳೀಲಿ ನಿಲ್ಲಿಸಿದಾಳೆ ಎಂದು ಇನ್ನೊಬ್ಬ. ಕಾಲು ಬಡಿಯುತ್ತ ಅಂಗಳದಲ್ಲಿ ಸುತ್ತುತ್ತಿದ್ದವರು ಅವಳ ಹತ್ತಿರ ಬಂದಾಗ ಮುಖ ತಿರುಗಿಸುತ್ತಿದ್ದರು. ಸವ್ಸನ್ ಗುಡ್ಡವನ್ನೇ ನೋಡುತ್ತ ಕೂತಳು. ಬರಲಿ, ಒಂದಿಷ್ಟಾದರೂ ಜಾರಿ ಬರಲಿ ಎಂದು ಅವಳ ಮನಸ್ಸು ಬೇಡತೊಡಗಿತು. ಬೇಡುತ್ತಿರುವುದು ಏನನ್ನು ಎಂದು ಹೊಳೆದಾಗ ಅವಳು ಗುಡ್ಡದಿಂದ ಕಣ್ಣು ತೆಗೆದಳು. ಶಾಲೆಯ ಆ ಒಂಬತ್ತು ದಿನವೂ ಕದಮ್‌ಶೋ ಹೊಸ್ತಿಲ ಮೇಲೆ ಒಬ್ಬನೇ ಹೀಗೇ ಗುಡ್ಡಕ್ಕೆ ಮುಖಮಾಡಿ ಕೂತಿರುತ್ತಿದ್ದ. ಅಂದು ಅವನ ಹತ್ತಿರವೂ ಯಾರೂ ಹೋಗಿರಲಿಲ್ಲ.

ಮೂರು ಗಂಟೆಗೆ ನೆರಳು ಕರಿಬಂಡೆಯನ್ನು ಮುಚ್ಚಿತು. ಗಾಳಿ ಬಿದ್ದುಹೋಯಿತು. ಅಂಗಳದ ಹಿಮ ಕಾಲಡಿಯಲ್ಲಿ ಗಟ್ಟಿಯಾಗಿ ಕರುಕುಗುಟ್ಟಿತು.

"ಈಗ ಹೋಗ್ಬಹುದು," ಎಂದು ಅವಳು ಎದ್ದಳು. "ಒಬ್ಬೊಬ್ಬರೇ. ಗುಂಪಾಗಿ ಬೇಡ. ಅವನು ಯಾವತ್ತೂ ಇನ್ನೊಬ್ಬರ ಜೊತೆ ದಾಟಿದೋನಲ್ಲ."

"ಮಂಚ ಹೊತ್ಕೊಂಡು ಒಬ್ಬೊಬ್ಬರೇ ಹೇಗಮ್ಮ ದಾಟೋದು?" ಎಂದರು ಖಲೀಫರು.

ಜೀಪಿನ ಬಾಗಿಲು ತೆರೆಯಿತು. ಶಂಬೆ ಇಳಿದು ಬಂದ. ಅವನ ಕಣ್ಣು ಕೆಂಪಾಗಿತ್ತು. ಅವಳ ಕಡೆ ನೋಡದೆ, "ಹುಲ್ಲು ಎಳೆಯೋ ಜಾರುಬಂಡಿ ಯಾರ ಮನೇಲಿದೆ? ತನ್ನಿ. ಹಗ್ಗ ಎಷ್ಟಿದೆಯೋ ಅಷ್ಟೂ ತನ್ನಿ," ಎಂದ.

ಹೊರೆಹಗ್ಗ, ಹಸುವಿನ ಹಗ್ಗ, ಜೀಪು ಎಳೆಯುವ ಹಗ್ಗ, ಎಲ್ಲವನ್ನೂ ಗಂಟು ಹಾಕಿ ಎರಡು ಉದ್ದ ಹಗ್ಗ ಮಾಡಿದರು. ಒಂದನ್ನು ಬಂಡಿಯ ಮುಂದಕ್ಕೆ, ಒಂದನ್ನು ಹಿಂದಕ್ಕೆ ಕಟ್ಟಿದರು. ಕದಮ್‌ಶೋನನ್ನು ಬಂಡಿಯ ಮೇಲೆ ಮಲಗಿಸಿ ಎದೆಗೂ ಮೊಣಕಾಲಿಗೂ ಪಟ್ಟಿ ಬಿಗಿದರು. ಮುಂದಿನ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಒಬ್ಬ ಹಗುರ ಮೈಯವನು ದಾಟಿದ. ಅವನು ದಡ ಮುಟ್ಟಿದ ಮೇಲೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ. ಖಲೀಫರು ಕೋಲೂರಿಕೊಂಡು, ಬಾಯಲ್ಲಿ ಪ್ರಾರ್ಥನೆ ಹೇಳಿಕೊಂಡು ದಾಟಿದರು. ಮಾವನಿಗೆ ಒಂದು ಹಿಡಿ ಮಣ್ಣನ್ನಾದರೂ ನಾನು ಹಾಕ್ತೀನಿ ಎಂದು ಹಟ ಹಿಡಿದು, ಹೆಂಗಸರು ಹೋಗುವ ಪದ್ಧತಿ ಇಲ್ಲದಿದ್ದರೂ, ಅನೋರ ದಾಟಿದಳು. ಗುಡ್ಡ ಅವರೆಲ್ಲರ ಮೇಲೆ ಬಾಗಿ ನಿಂತಿತ್ತು.

ಕೊನೆಗೆ ಈಚೆ ದಡದಲ್ಲಿ ಉಳಿದವರು ಶಂಬೆ, ಸವ್ಸನ್ ಮತ್ತು ಬಂಡಿ. ಹಿಂದಿನ ಹಗ್ಗ ಹಿಡಿಯದಿದ್ದರೆ ಬಂಡಿ ಇಳಿಜಾರಿನಲ್ಲಿ ನದಿಯ ಕಡೆಗೆ ತಿರುಗಿಬಿಡುತ್ತಿತ್ತು. ಶಂಬೆ ಹಗ್ಗವನ್ನು ಅರ್ಧ ಹೂತ ಕರೆಂಟು ಕಂಬಕ್ಕೆ ಒಂದು ಸುತ್ತು ಹಾಕಿದ. ಸುತ್ತು ಬಿಗಿಯೇ ಎಂದು ಎಳೆದು ನೋಡಿದ.

"ನಮ್ಮಪ್ಪ ಹೇಗಿದ್ದ ನೋಡೋಕೆ?" ಎಂದು ಕೇಳಿದ, ನೆಲ ನೋಡುತ್ತ.

"ನಿನ್ನ ಹಾಗೇ. ಇಷ್ಟು ದಪ್ಪ ಇರ್ಲಿಲ್ಲ. ಮಾತು ಮಾತ್ರ ಹೀಗೇ ಜೋರು."

ಅವನು ಮೂಗು ಒರೆಸಿಕೊಂಡು ಹಗ್ಗದ ತುದಿಯನ್ನು ಅವಳ ಅಂಗೈಗೆ ಇಟ್ಟ. "ನಿಧಾನಕ್ಕೆ ಬಿಡು. ಗಂಟು ಬಂದಾಗ ಬೆರಳು ಜೋಪಾನ." ಅವನೂ ದಾಟಿಹೋದ.

ಆಚೆಯಿಂದ ಎಳೆದರು. ಬಂಡಿ ಒಮ್ಮೆ ಜಗ್ಗಿ ಹೊರಟಿತು. ಸವ್ಸನ್‌ಳ ಕೈಗವಸಿನೊಳಗಿಂದ ಹಗ್ಗ ಸರಿಯತೊಡಗಿತು. ಕಂಬದ ಸುತ್ತು ಕಿರುಗುಟ್ಟಿತು. ಒಂದೊಂದು ಗಂಟು ಬಂದಾಗಲೂ ತಡೆದು, ಸಡಿಲಿಸಿ, ಮತ್ತೆ ಬಿಟ್ಟಳು. ಅವನ ಭಾರ ಅವಳ ಮೊಣಕೈವರೆಗೂ ಬರುತ್ತಿತ್ತು. ಅಷ್ಟೇನೂ ಭಾರವಿರಲಿಲ್ಲ. ಕೊರಕಲಿನ ನಡುವೆ, ಎರಡು ದಡದಿಂದಲೂ ದೂರದಲ್ಲಿ, ಬಿಳಿಯ ಮೇಲೆ ಬಿಳಿ ಬಟ್ಟೆಯ ಕದಮ್‌ಶೋ ಒಬ್ಬನೇ ಇದ್ದ.

ಸುತ್ತು ಕಳಚಿತು. ಕೊನೆಯ ಗಂಟು ಅವಳ ಕೈಗೆ ಬಂತು, ಅದರ ಹಿಂದೆ ಒಂದು ಮೊಳ ಹಗ್ಗ. ಬಂಡಿ ಆಗಲೇ ಸಮತಟ್ಟು ಮುಟ್ಟಿತ್ತು, ಇನ್ನು ಹಿಡಿಯಬೇಕಾದ ಅಗತ್ಯ ಇರಲಿಲ್ಲ. "ಬಿಡು ಅಜ್ಜೀ!" ಎಂದು ಶಂಬೆ ಆಚೆಯಿಂದ ಕೂಗಿದ. ಅವಳು ಹಗ್ಗದ ಜೊತೆ ಎರಡು ಹೆಜ್ಜೆ ನಡೆದಳು, ಅಂಚಿನವರೆಗೆ. ಅಲ್ಲಿ ಬೆರಳು ಬಿಡಿಸಿದಳು.

ಹಗ್ಗದ ತುದಿ ಅಂಚಿನಿಂದ ಜಾರಿ, ಹಿಮದ ಮೇಲೆ ಸಣ್ಣಗೆ ಗೆರೆ ಕೊರೆಯುತ್ತ, ಅವನ ಹಿಂದೆಯೇ ಹೋಯಿತು.